ನಲವತ್ತು ಮೈಲು ದಾಟಿದರೆ

ಮೂವತ್ತೈದು ಮೈಲಿನ ತನಕ ಏನೂ ಇಲ್ಲ. ಮುಳ್ಳು ನಲವತ್ತು ದಾಟಿ ಎಂಟು-ಹತ್ತು ನಿಮಿಷ ಅಲ್ಲೇ ನಿಂತಿತೆಂದರೆ, ಹಿಂದಿನಿಂದ ಯಾರೋ ಅಂಗಿ ಹಿಡಿದು ಜಗ್ಗಿದಂತೆ ಗಾಡಿ ಒಮ್ಮೆ ತಡವರಿಸುತ್ತಿತ್ತು. ಮತ್ತೆ ಓಡುತ್ತಿತ್ತು. ಮತ್ತೆ ಜಗ್ಗುತ್ತಿತ್ತು. ಕಾಲು ಒತ್ತಿದಷ್ಟೂ ಎಂಜಿನ್ನಿನ ದನಿ ಕುಗ್ಗಿ, ಕೊನೆಗೆ ಸುಮ್ಮನಾಗುತ್ತಿತ್ತು. ರಸ್ತೆಯ ಬದಿಗೆ ಹಚ್ಚಿ ಹತ್ತು ನಿಮಿಷ ಬಿಟ್ಟರೆ, ಏನೂ ಆಗಿಯೇ ಇಲ್ಲವೆಂಬಂತೆ ಚಾಲೂ ಆಗುತ್ತಿತ್ತು.

ಇದರ ಕಾರಣ ಹುಡುಕುವುದರಲ್ಲಿ ನಾನು ಒಂದೂವರೆ ತಿಂಗಳು ಕಳೆದೆ. ಆ ಒಂದೂವರೆ ತಿಂಗಳು ಏನು ಉಂಡೆ, ಯಾರ ಜೊತೆ ಏನು ಮಾತಾಡಿದೆ ಎಂಬುದು ನೆನಪಿಲ್ಲ. ಸ್ಪಾರ್ಕ್ ಪ್ಲಗ್ಗಿನ ತುದಿಯ ಬಣ್ಣ ನೆನಪಿದೆ. ಗಾಡಿ ಸೇಡಂ ದಾಟಿದ ಮೇಲೆ ನಾಲ್ಕು ಸಲ ನಿಂತ ದಿನ, ಹಿಂದಿನ ಸೀಟಿನಲ್ಲಿ ನನ್ನ ಅಕ್ಕ ಮಲಗಿದ್ದಳು.

ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲಿಗ ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಯಾರೂ ಪುಕ್ಕಟೆ ಕೊಟ್ಟದ್ದಲ್ಲ ಅದು. ಶಹಾಬಾದಿನ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಖಣಿಯಲ್ಲಿ ಅಪ್ಪ ಕಲ್ಲು ಎಬ್ಬಿಸುತ್ತಿದ್ದ, ಅಕ್ಕ ಹೊರುತ್ತಿದ್ದಳು. ಅವ್ವ ಬೇಗ ಹೋಗಿದ್ದಳು. ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳಾದ ಅಕ್ಕನೇ ನನ್ನ ಮೈ ತೊಳೆದು, ತಲೆ ಬಾಚಿ ಶಾಲೆಗೆ ಕಳಿಸಿದವಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ನಾನು ಕಲಬುರ್ಗಿಯಲ್ಲಿ ಬಿ.ಎಸ್ಸಿ. ಮುಗಿಸಿ ವಾಡಿಯ ಸಿಮೆಂಟ್ ಕಾರ್ಖಾನೆಯ ಲ್ಯಾಬಿನಲ್ಲಿ ಕೆಮಿಸ್ಟ್ ಆದಾಗ, ನನ್ನ ಸರ್ಟಿಫಿಕೇಟನ್ನು ತಿರುಗುಮುರುಗಾಗಿ ಹಿಡಿದು ಬಹಳ ಹೊತ್ತು ನೋಡಿದ್ದಳು.

ಖಣಿಯ ಕೂಲಿಗಳಿಗೆ ನೀರು ಮೆಟ್ಟಿಲು ಬಾವಿಯದು. ಆ ನೀರಿನಲ್ಲಿ ನಾರುಹುಳದ ರೋಗವಿತ್ತು. ನೀರಿನೊಡನೆ ಹೊಟ್ಟೆಗೆ ಹೋದದ್ದು ವರ್ಷವಾದ ಮೇಲೆ ಕಾಲಿನಲ್ಲಿ ಬೊಬ್ಬೆ ಎಬ್ಬಿಸಿ, ಬಿಳಿ ದಾರದ ಹಾಗೆ ಹೊರಗೆ ಬರುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಬೆರಳಷ್ಟು ಎಳೆಯಬೇಕು. ಹರಿದರೆ ಕಾಲೇ ಹೋಯಿತು. ಅಕ್ಕನಿಗೆ ಹನ್ನೆರಡನೆಯ ವಯಸ್ಸಿಗೆ ಅದು ಎರಡೂ ಕಾಲಿಗೆ ಆಗಿತ್ತು. ಅದೇ ಬೇಸಿಗೆಯಲ್ಲಿ ಸರಕಾರದ ಮನುಷ್ಯನೊಬ್ಬ ಬಂದು, ನೀರನ್ನು ಎರಡು ಮಡಿಕೆ ಬಟ್ಟೆಯಲ್ಲಿ ಸೋಸಿ ಕುಡಿಯಿರಿ, ಬಟ್ಟೆಯ ಮೇಲಿನ ಮಗ್ಗಲು ಕೆಳಗೆ ಮಾಡಬೇಡಿರಿ ಎಂದು ಹೇಳಿ ಹೋದ. ಮಂದಿ ಮರೆತರು. ಅಕ್ಕ ಮರೆಯಲಿಲ್ಲ. ಮೇಲಿನ ಮಗ್ಗಲು ಗುರುತಿಗೆ ಬಟ್ಟೆಯ ಒಂದು ಮೂಲೆಗೆ ಗಂಟು ಹಾಕಿಡುತ್ತಿದ್ದಳು. ನೀರಷ್ಟೇ ಅಲ್ಲ, ಹಾಲು, ಒಳ್ಳೆಣ್ಣೆ, ಕಂದೀಲಿಗೆ ಹಾಕುವ ಚಿಮಣಿ ಎಣ್ಣೆ, ಏನನ್ನೇ ಒಂದರಿಂದ ಇನ್ನೊಂದಕ್ಕೆ ಸುರಿದರೂ ನಮ್ಮ ಮನೆಯಲ್ಲಿ ನಡುವೆ ಬಟ್ಟೆ ಇರಲೇಬೇಕು. ನನಗೆ ನಾರುಹುಳ ಆಗಲಿಲ್ಲ.

ಗಾಡಿ ತೆಗೆದುಕೊಂಡದ್ದು ಕಾರ್ಖಾನೆಯಿಂದ ನಿವೃತ್ತರಾದ ಎಂಜಿನಿಯರ್ ಒಬ್ಬರಿಂದ. ದುಂಡು ಬೆನ್ನಿನ ಹಳೆಯ ಕಾರು. ರಾಜ್ಯದ ಹೆಸರು ಕರ್ನಾಟಕ ಆಗಿ ಐದಾರು ವರ್ಷವಾಗಿದ್ದರೂ ಅದರ ಕಾಗದಗಳಲ್ಲಿ ಇನ್ನೂ ಮೈಸೂರು ಸ್ಟೇಟ್ ಎಂದೇ ಇತ್ತು, ಮೀಟರಿನಲ್ಲಿ ಕಿಲೋಮೀಟರಿನ ಬದಲು ಮೈಲು. ಮೊದಲ ಭಾನುವಾರವೇ ಅದನ್ನು ಸುಲೇಪೇಟಕ್ಕೆ ಹೊಡೆದುಕೊಂಡು ಹೋದೆ. ಅಕ್ಕನನ್ನು ಕೊಟ್ಟದ್ದು ಅಲ್ಲಿಗೆ. ಭಾವ ಹೊಲ ನೋಡಿಕೊಂಡು, ಬಸ್ ಸ್ಟ್ಯಾಂಡಿನ ಹತ್ತಿರ ಕಾಳುಕಡಿಯ ಸಣ್ಣ ಅಂಗಡಿ ಇಟ್ಟಿದ್ದ.

ಅಕ್ಕ ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಬಾನೆಟ್ಟಿನ ಮೇಲೆ ಕೈಯಿಟ್ಟು ತಕ್ಷಣ ತೆಗೆದಳು.

"ಏ ತಮ್ಮಾ, ಜ್ವರ ಬಂದಾವಲ್ಲೋ ಇದಕ್ಕ!"

"ಓಡಿ ಬಂದದ ಅಕ್ಕ. ಓಡಿದ್ರ ಬಿಸಿ ಆಗ್ತದ."

"ನಮ್ಮ ಎತ್ತಿಗಿ ಹಿಂಗ ಆಗಂಗಿಲ್ಲ ನೋಡು," ಎಂದ ಭಾವ ಕಟ್ಟೆಯ ಮೇಲಿಂದ. "ಕೆಮಿಸ್ಟ್ ಸಾಹೇಬ್ರು ಗಾಡಿಗಿ ಎರಡು ಗುಳಗಿ ಕೊಡ್ರಿ."

ಪೆಟ್ರೋಲ್ ಬಂಕು ಎಲ್ಲ ಕಡೆ ಇದ್ದ ಕಾಲವಲ್ಲ. ನಾನು ಡಿಕ್ಕಿಯಲ್ಲಿ ಯಾವಾಗಲೂ ಒಂದು ಡಬ್ಬಾ ಪೆಟ್ರೋಲು ಇಟ್ಟುಕೊಂಡಿರುತ್ತಿದ್ದೆ. ಮರಳುವಾಗ ಅದನ್ನು ಟಾಕಿಗೆ ಸುರಿಯಲು ಮುಚ್ಚಳ ಬಿಚ್ಚಿದೆ. ಡಬ್ಬಾದ ಬಾಯಿಯ ಸುತ್ತ ಸಿಮೆಂಟಿನ ಬೂದು ಧೂಳು. ವಾಡಿಯಲ್ಲಿ ಅದು ಇಲ್ಲದ ವಸ್ತುವಿಲ್ಲ.

"ಹಂಗೇ ಸುರುವಾಕತ್ತಿಯಲ್ಲ?" ಎಂದಳು ಅಕ್ಕ. "ಇಷ್ಟ ಓದಿ ಏನ್ ಮಾಡ್ದಿ? ಸೋಸಿ ಹಾಕು."

ಒಳಗೆ ಹೋಗಿ ಹಳೆಯ ಸೀರೆಯೊಂದನ್ನು ತಂದಳು. ಬದನೆಕಾಯಿ ಬಣ್ಣದ್ದು, ನಾನು ಹೈಸ್ಕೂಲಿನಲ್ಲಿದ್ದಾಗಿನಿಂದ ಅವಳ ಮೈಮೇಲೆ ನೋಡಿದ್ದು. ಹಲ್ಲಿನಿಂದ ಅಂಚು ಕಚ್ಚಿ ಪರ್ರೆಂದು ಹರಿದಳು. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಹಳೆಯದೇ ಚೆನ್ನಾಗಿ ಸೋಸುತ್ತದೆ ಎಂದಳು. ಎರಡು ಮಡಿಕೆ ಮಾಡಿ ಮೂಲೆಗೆ ಗಂಟು ಹಾಕಿಕೊಟ್ಟಳು. ಉಳಿದರ್ಧ ಅವಳ ಕೊಡಕ್ಕೆ ಹೋಯಿತು.

ಎರಡು ವರ್ಷ ಆ ಬಟ್ಟೆಯಲ್ಲೇ ಸೋಸಿ ಹಾಕಿದೆ. ಬಟ್ಟೆಯ ಮೇಲೆ ಕಸ ನಿಂತಿದ್ದನ್ನು ನೋಡಿದಾಗಲೆಲ್ಲ ಅಕ್ಕ ಸರಿಯಾಗೇ ಹೇಳಿದ್ದಳು ಅನ್ನಿಸುತ್ತಿತ್ತು.

ತಡವರಿಸುವುದು ಸುರುವಾದದ್ದು ಆಮೇಲೆ. ಶಹಾಬಾದಿನಲ್ಲಿ ನಾನು ಗಾಡಿ ತೋರಿಸುತ್ತಿದ್ದ ಮಿಸ್ತ್ರಿ ಒಬ್ಬ ವಯಸ್ಸಾದ ಮುಸಲ್ಮಾನ. ಚಾಚಾ ಎನ್ನುತ್ತಿದ್ದೆ. ಅವನ ಶೆಡ್ಡಿಗೆ ಸೇಡಂ, ಚಂದಾಪುರ, ಸುಲೇಪೇಟದ ಲಾರಿಗಳೂ ಬರುತ್ತಿದ್ದವು. ಅವನು ಕಾರ್ಬೊರೇಟರು ಬಿಚ್ಚಿ ತೊಳೆದ, ಪ್ಲಗ್ಗು ಬದಲಿಸಿದ, ಶಹಾಬಾದಿನ ಪೇಟೆಯಲ್ಲಿ ಎರಡು ಸುತ್ತು ಹೊಡೆದ. ಪೇಟೆಯಲ್ಲಿ ನಲವತ್ತು ಮೈಲು ಎಲ್ಲಿ ಹೋಗುತ್ತದೆ? ಗಾಡಿ ಗಡಿಯಾರದಂತೆ ಓಡಿತು. "ನಾಡಿ ಹಿಡದು ನೋಡೀನಿ ಸಾಬ್, ಏನೂ ಜಡ್ಡಿಲ್ಲ," ಎಂದ.

ಅದಾಗಿ ಒಂದು ವಾರಕ್ಕೆ ಕಾರ್ಖಾನೆಗೆ ಫೋನು ಬಂತು. ಅಕ್ಕನಿಗೆ ಹೊಟ್ಟೆನೋವು, ಬೇಗ ಬಾ ಎಂದು. ನಾನು ಸುಲೇಪೇಟ ಮುಟ್ಟುವಾಗ ಮಧ್ಯಾಹ್ನ. ಅವಳ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಹಿಂದಿನ ಸೀಟಿನಲ್ಲಿ ಭಾವನ ತೊಡೆಯ ಮೇಲೆ ತಲೆಯಿಟ್ಟು ಮಲಗಿಸಿದೆವು. ಕಲಬುರ್ಗಿಯ ನೇರ ದಾರಿ ಆ ವರ್ಷದ ಮಳೆಗೆ ಕೆಟ್ಟಿತ್ತು. ಸೇಡಂ, ಮಳಖೇಡದ ಮೇಲೆ ಸುತ್ತಿ ಹೋಗಬೇಕಿತ್ತು.

ಸೇಡಂ ದಾಟಿ ಸ್ವಲ್ಪ ದೂರಕ್ಕೆ ಗಾಡಿ ಮೊದಲ ಸಲ ನಿಂತಿತು. ಎರಡನೆಯದು, ಮಳಖೇಡದ ಕೋಟೆಯ ಗೋಡೆ ಕಣ್ಣಿಗೆ ಬೀಳುವ ಏರಿನ ಮೇಲೆ. ಅಲ್ಲಿ ಹೆಚ್ಚು ಹೊತ್ತು ನಿಂತಿತ್ತು. ನಾನು ಬಾನೆಟ್ಟು ತೆಗೆದು ಸುಮ್ಮನೆ ನೋಡುತ್ತಿದ್ದೆ. ಒಳಗಿನಿಂದ ಅಕ್ಕ ಕರೆದಳು.

"ತಮ್ಮಾ, ಗಾಡಿಗೂ ನನ್ನಂಗ ಹೊಟ್ಟಿ ನೋಯ್ತದೇನೋ?"

"ಇಲ್ಲಕ್ಕ, ಈಗ ಚಾಲೂ ಆಗ್ತದ."

"ಎಣ್ಣಿ ಸೋಸಿ ಹಾಕಿದಿಯೇನು?"

"ಹೂಂ ಅಕ್ಕ, ಸೋಸೇ ಹಾಕೀನಿ."

"ಮತ್ತ ಯಾಕ ಹಿಂಗ ಮಾಡ್ತದ," ಎಂದಳು.

ಮತ್ತೆರಡು ಸಲ ನಿಂತಿತು. ಪ್ರತಿ ಸಲ ಚಾಲೂ ಆದೊಡನೆ, ಹೋದ ಹೊತ್ತನ್ನು ಹಿಡಿಯಬೇಕೆಂದು ನಾನು ನಲವತ್ತರ ಮೇಲೆ ಒತ್ತುತ್ತಿದ್ದೆ. ಒತ್ತಿದ್ದಕ್ಕೇ ನಿಲ್ಲುತ್ತಿತ್ತು. ಮೂವತ್ತರಲ್ಲಿ ಹೋಗಿದ್ದರೆ ಎಲ್ಲಿಯೂ ನಿಲ್ಲುತ್ತಿರಲಿಲ್ಲ. ಇದು ಆಗ ನನಗೆ ಹೊಳೆಯಲಿಲ್ಲ. ಒಂದು ತಾಸಿನ ಮೇಲೆ ತಡವಾಗಿ ದೊಡ್ಡ ದವಾಖಾನೆ ಮುಟ್ಟಿದೆವು.

ಅಪೆಂಡಿಕ್ಸ್ ಒಡೆದಿತ್ತು. ಡಾಕ್ಟರು ನನ್ನನ್ನು ಬದಿಗೆ ಕರೆದು, ಇದು ಒಡೆದು ಎರಡು ದಿನವಾಗಿರಬೇಕು, ನೀವು ಒಂದು ತಾಸು ಮೊದಲು ಬಂದಿದ್ದರೂ ಇಷ್ಟೇ ಎಂದರು. ಎರಡು ದಿನ ಅವಳು ಯಾರಿಗೂ ಹೇಳಿರಲಿಲ್ಲ. ಡಾಕ್ಟರು ಹೇಳಿದ್ದು ನನಗೆ ಅರ್ಥವಾಯಿತು, ನಾನು ಸೈನ್ಸ್ ಓದಿದವನು. ಅರ್ಥವಾದದ್ದು ತಲೆಯಲ್ಲಿ ಒಂದು ಕಡೆ ಹೋಗಿ ಕೂತಿತು. ಮೂರನೆಯ ದಿನ ಬೆಳಿಗ್ಗೆ ಅವಳು ಹೋದಳು. ಅಲ್ಲಿಯವರೆಗೆ ತಲೆಯ ಮೇಲೆ ತೂಗುಹಾಕಿದ ಗಾಜಿನ ಸಲಾಯಿನ್ ಬಾಟ್ಲಿಯ ಹನಿಗಳನ್ನು ಎಣಿಸುತ್ತ ಕೂತಿದ್ದೆ.

ಸುಲೇಪೇಟದಲ್ಲಿ ಮಣ್ಣು ಮಾಡಿ ಬಂದು ಕಟ್ಟೆಯ ಮೇಲೆ ಕೂತಿದ್ದೆವು. ಮಂದಿ ತುಂಬಿತ್ತು. ಭಾವ ಕೇಳಿದ, "ಹೋದ ವಾರ ಗಾಡಿ ಯಾರ ಕೈಯಾಗಿತ್ತು?"

"ಶಹಾಬಾದಿನ ಮಿಸ್ತ್ರಿ ಕೈಯಾಗ," ಎಂದೆ. "ಬಿಚ್ಚಿ ಜೋಡಿಸಿದ್ದ. ಅವನೇ ಏನೋ ಕೆಡಿಸ್ಯಾನ."

ಅಷ್ಟೇ ಮಾತು. ಆದರೆ ಅದನ್ನು ಹೇಳಿದವನು ಡಿಗ್ರಿ ಓದಿದವನು, ಕೆಮಿಸ್ಟು. ನಮ್ಮ ಕಡೆ ಅಂಥವನ ಮಾತನ್ನು ಯಾರೂ ಮರಳಿ ಕೇಳುವುದಿಲ್ಲ. ಭಾವ ಅದನ್ನು ಬಸ್ ಸ್ಟ್ಯಾಂಡಿನಲ್ಲಿ ಹೇಳಿದ. ಹೇಳಿದ್ದು ಲಾರಿಗಳ ಜೊತೆ ಚಂದಾಪುರಕ್ಕೂ ಸೇಡಂಗೂ ಹೋಯಿತು.

ನಾನು ಕೆಲಸಕ್ಕೆ ಮರಳಿದೆ. ಲ್ಯಾಬಿನಲ್ಲಿ ಸಿಮೆಂಟು ತೂಗಿದೆ, ಕಾಯಿಸಿದೆ, ಬರೆದೆ. ಅಳು ಬರಲಿಲ್ಲ. ಎಲ್ಲರೂ ಗಟ್ಟಿ ಮನುಷ್ಯ ಎಂದರು. ಸಂಜೆ ಗಾಡಿ ತೆಗೆದುಕೊಂಡು ಚಿತ್ತಾಪುರದ ರಸ್ತೆಗೆ ಹೋಗುತ್ತಿದ್ದೆ. ನಲವತ್ತು ಮುಟ್ಟಿಸುವುದು, ನಿಲ್ಲುವ ತನಕ ಓಡಿಸುವುದು, ಪಕ್ಕದ ನೋಟ್‌ಬುಕ್ಕಿನಲ್ಲಿ ಬರೆಯುವುದು. ಬಿಸಿಲಿಗೆ ಪಂಪಿನಲ್ಲಿ ಆವಿ ತುಂಬುತ್ತದೆ ಎಂದು ಡ್ರೈವರೊಬ್ಬ ಹೇಳಿದ. ಪಂಪಿಗೆ ಹಸಿ ಬಟ್ಟೆ ಕಟ್ಟಿದೆ. ಅದೇ. ಟಾಕಿಯ ಮುಚ್ಚಳ ಸಡಿಲು ಬಿಟ್ಟೆ. ಅದೇ. ತಡವರಿಸುವಾಗ, ಪೆಟ್ರೋಲಿನ ಪಾಲು ಹೆಚ್ಚಾಗಲೆಂದು ಚೋಕ್ ಎಳೆದೆ. ಅರೆಗಳಿಗೆ ಸುಧಾರಿಸಿ ಮತ್ತೆ ನಿಂತಿತು. ಅಂದರೆ ಕಿಡಿ ಸರಿಯಿದೆ, ಪೆಟ್ರೋಲು ಸಾಲುತ್ತಿಲ್ಲ. ಇಷ್ಟು ಬರೆದು ಕೆಳಗೆ ಗೆರೆ ಎಳೆದೆ. ಮುಂದೆ ಏನು ಎಂದು ಗೊತ್ತಾಗಲಿಲ್ಲ.

ಒಂದು ಭಾನುವಾರ ಮಿಸ್ತ್ರಿಯೇ ನನ್ನ ಕ್ವಾರ್ಟರ್ಸಿಗೆ ಬಂದ. ಒಳಗೆ ಕರೆದರೆ ಬರಲಿಲ್ಲ. ಬಾಗಿಲಲ್ಲೇ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಬಹೆನ್ ಹೋದ್ರಂತ ಕೇಳ್ದೆ ಸಾಬ್. ಭಾಳ ಕೆಟ್ಟ ಅನಿಸ್ತು. ಆವತ್ತೇ ಬರ್ತಿದ್ದೆ. ಹೆಂಗ ಬರ್ಲಿ? ಸುಲೇಪೇಟ ಬಸ್ ಸ್ಟ್ಯಾಂಡಿನಾಗ ಮಂದಿ ನನಗ ಏನಂತಾರ ಗೊತ್ತದೇನ್ರಿ?"

ನಾನು ಅವನ ಕೈಯಲ್ಲಿದ್ದ ಟೋಪಿಯನ್ನು ನೋಡಿದೆ.

"ಖೂನಿ ಅಂತಾರ, ಕೊಂದವ ಅಂತಾರ. ಮೂವತ್ತು ವರ್ಷ ಈ ಕೈ ಗಿರೀಸಿನಾಗ ಅದ. ಈಗ ಆ ಕಡಿ ಲಾರಿ ಒಂದೂ ಬರಾಕತ್ತಿಲ್ಲ. ಅದು ಹೋಗ್ಲಿ. ನೀವು ಹೇಳ್ರಿ. ನಿಮಗೂ ಹಂಗ ಅನಸ್ತದೇನು?"

"ನನಗ ಗೊತ್ತಿಲ್ಲ ಚಾಚಾ."

"ಗೊತ್ತಿಲ್ಲಂದ್ರ ಗೊತ್ತು ಮಾಡೋಣ. ನಂದು ತಪ್ಪಿದ್ರ ನಾನೇ ಹೋಗಿ ಬಸ್ ಸ್ಟ್ಯಾಂಡಿನಾಗ ನಿಂತು ಹೇಳ್ತೀನಿ. ಇಲ್ಲಂದ್ರ ನೀವು ಹೇಳ್ಬೇಕು. ಹೂಂ ಅನ್ರಿ."

"ಹೂಂ," ಎಂದೆ.

ಅವನಿಗೆ ನೋಟ್‌ಬುಕ್ಕು ಓದಿ ಹೇಳಿದೆ. ಚೋಕಿನ ಮಾತಿಗೆ ತಲೆಯಾಡಿಸಿದ. "ನೀವು ಮದ್ಲೇ ಹೇಳ್ಬೇಕಿತ್ತಲ್ಲ ಸಾಬ್, ರಸ್ತಾದಾಗ ಹತ್ತು ಮಿನಿಟ್ ಆದ ಮ್ಯಾಲೇ ನಿಲ್ತದಂತ. ನೀವು ಬರೇ ಮಿಸ್ಸಿಂಗ್ ಹೊಡೀತದ ಅಂದ್ರಿ. ಡಾಕ್ಟರ್ ಮುಂದ ಹೊಟ್ಟಿನೋವು ಅಂದಂಗ." ಅಂದವನೇ ನಾಲಿಗೆ ಕಚ್ಚಿಕೊಂಡ. ನನಗೇನೂ ಅನ್ನಿಸಲಿಲ್ಲ.

ಮರುದಿನ ರಜೆ ಹಾಕಿ ಅವನ ಶೆಡ್ಡಿಗೆ ಹೋದೆ. ಅವನು ಬಾಟ್ಲಿ ಹಚ್ಚಿ ನೋಡೋಣ ಎಂದ. ಅದು ಅವರ ಹಳೆಯ ಉಪಾಯ. ಟಾಕಿ, ಪೈಪು, ಪಂಪು ಎಲ್ಲವನ್ನೂ ಬಿಟ್ಟು, ಎತ್ತರದಲ್ಲಿ ಹಿಡಿದ ಬಾಟ್ಲಿಯಿಂದ ಕಾರ್ಬೊರೇಟರಿಗೆ ಸೀದಾ ಪೆಟ್ರೋಲು ಇಳಿಸುವುದು. ಆಗಲೂ ಗಾಡಿ ತಡವರಿಸಿದರೆ ರೋಗ ಎಂಜಿನ್ನಿನಲ್ಲಿ, ಅಂದರೆ ಅವನು ಬಿಚ್ಚಿ ಜೋಡಿಸಿದ ಕಡೆ. ತಡವರಿಸದಿದ್ದರೆ ರೋಗ ಹಿಂದೆ, ಅವನು ಮುಟ್ಟದ ಕಡೆ. ಮೂಲೆಯಿಂದ ಗಾಜಿನ ಬಾಟ್ಲಿ ತೆಗೆದ. ದವಾಖಾನೆಯ ಸಲಾಯಿನ್ ಬಾಟ್ಲಿ, ರಬ್ಬರ್ ನಳಿಗೆಯೂ ಅದರದೇ.

ನಾನು ಓಡಿಸಿದೆ. ಅವನು ಎಡಗಡೆ ಕೂತು, ಕಿಟಕಿಯಿಂದ ಕೈ ಹೊರಗೆ ಚಾಚಿ ಬಾಟ್ಲಿಯನ್ನು ಮೇಲೆ ಎತ್ತಿ ಹಿಡಿದ. ನಳಿಗೆ ಬಾನೆಟ್ಟಿನ ಸಂದಿಯಿಂದ ಒಳಗೆ ಹೋಗಿತ್ತು. ವಾಡಿಯ ರಸ್ತೆ ಖಾಲಿಯಿತ್ತು. ನಲವತ್ತು. ನಲವತ್ತೆರಡು. ನಲವತ್ತೈದು. ಬಾಟ್ಲಿ ಮುಗಿಯುತ್ತ ಬಂದರೆ ಎಂಜಿನ್ ಆರಿಸದೆ ಅರೆಗಳಿಗೆ ನಿಲ್ಲಿಸಿ, ತುಂಬಿ, ಮತ್ತೆ ಹೊರಟೆವು.

"ಇನ್ನೂ ಒತ್ರಿ," ಎನ್ನುತ್ತಿದ್ದ. "ಕೈ ಸೋತ್ರೂ ಪರವಾ ಇಲ್ಲ, ಒತ್ರಿ."

ಚಿತ್ತಾಪುರದ ಹತ್ತಿರ ಹೋಗಿ ತಿರುಗಿದೆವು. ಒಂದೂ ಸಲ ತಡವರಿಸಲಿಲ್ಲ. ಅವನು ಕೈ ಒಳಗೆ ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡ.

ಶೆಡ್ಡಿಗೆ ಬಂದು ಟಾಕಿ ಇಳಿಸಿದ. ಪೆಟ್ರೋಲನ್ನೆಲ್ಲ ಬಕೆಟ್ಟಿಗೆ ಸುರಿದು, ಟಾಕಿಯೊಳಗಿನ ಕೊಳವೆಯ ಬಾಯಿಗೆ ಬ್ಯಾಟರಿಯ ಬೆಳಕು ಬಿಟ್ಟು ನೋಡಿದ. ಕೊಕ್ಕೆ ಹಾಕಿ ಎಳೆದ. ಅಂಗೈಯ ಮೇಲೆ ಒಂದು ಬೂದು ಉಂಡೆ. ಇಲಿಯ ಮರಿಯಷ್ಟು ದೊಡ್ಡದು, ಚಪ್ಪಟೆ, ಒಂದು ಮಗ್ಗಲು ಕೊಳವೆಯ ಬಾಯಿಯಷ್ಟೇ ದುಂಡಗೆ ಒತ್ತಿಹೋಗಿತ್ತು.

"ಇದೇ ನೋಡ್ರಿ," ಎಂದ. "ನಿಧಾನ ಹೊಡದ್ರ ಟಾಕಿ ತಳದಾಗ ಬಿದ್ದಿರ್ತದ. ಜೋರ್ ಹೊಡದ್ರ ಪಂಪು ಜೋರ್ ಜಗ್ತದ, ಇದು ಬಂದು ಬಾಯಿಗಿ ಕೂಡ್ತದ. ಗಾಡಿ ನಿಂತ್ರ ಜಗ್ಗೋದು ನಿಲ್ತದ, ಮತ್ತ ಕೆಳಗ ಬೀಳ್ತದ. ಮ್ಯಾಲೆ ಬರಂಗಿಲ್ಲ, ಪೈಪಿನಾಗ ಹಿಡಸಂಗಿಲ್ಲ. ಅದ್ಕೇ ಕಾರ್ಬೊರೇಟರಿನ ಜಾಳಿಯಾಗ ನನಗ ಸಿಗಲಿಲ್ಲ."

ಉಂಡೆಯನ್ನು ಪೆಟ್ರೋಲಿನಲ್ಲಿ ಅಲುಗಿಸಿದ. ಸಿಮೆಂಟಿನ ಧೂಳು ಬಿಟ್ಟಿತು. ಉಳಿದದ್ದು ನೂಲು. ಸಣ್ಣ ಸಣ್ಣ ಎಳೆಗಳು, ಹರಿದ ಅಂಚಿನಿಂದ ಉದುರಿದವು, ಎರಡು ವರ್ಷದವು. ಬಣ್ಣ ಬದನೆಕಾಯಿಯದು.

"ಸೂತಿ ಬಟ್ಟಿಲೆ ಸೋಸೀರೇನು?" ಮಿಸ್ತ್ರಿ ನನ್ನ ಮುಖ ನೋಡಿದ. "ಹಳೀ ಹತ್ತಿ ಬಟ್ಟಿ ಪೆಟ್ರೋಲಿಗಿ ದುಶ್ಮನ್ ಸಾಬ್. ನೂಲು ಬಿಡ್ತದ. ಸುರುವಾಕ ತಂತಿ ಜಾಳಿದು ಲಾಳಿಕಿ ಇಡ್ತೀವಿ ನಾವು. ಕೇಳಿದ್ರ ಒಂದು ಕೊಡ್ತಿದ್ನೆಲ್ರಿ! ಯಾರದು ಈ ಬಟ್ಟಿ?"

"ನಮ್ಮ ಅಕ್ಕಂದು."

ಅವನು ಅಂಗೈಯನ್ನು ಹಾಗೇ ಚಾಚಿ ಹಿಡಿದು ನಿಂತ. ಎಸೆಯಲೂ ಇಲ್ಲ, ಕೆಳಗಿಡಲೂ ಇಲ್ಲ. ಕೊನೆಗೆ ನಾನೇ ತೆಗೆದುಕೊಂಡು ಕಾಗದದಲ್ಲಿ ಸುತ್ತಿದೆ. ಅವನು ಟಾಕಿ ಕೂಡಿಸಿದ. ಹೊರಡುವಾಗ ಒಂದು ಲಾಳಿಕೆ ತಂದು ಡಿಕ್ಕಿಯಲ್ಲಿಟ್ಟ.

"ಬಸ್ ಸ್ಟ್ಯಾಂಡಿನಾಗ ಏನೂ ಹೇಳಬ್ಯಾಡ್ರಿ ಸಾಬ್," ಎಂದ. "ನನಗ ಗೊತ್ತಾತು, ನಿಮಗ ಗೊತ್ತಾತು. ಸಾಕು. ಹೋದಾಕಿ ಹೆಸರು ಯಾಕ ತರ್ತೀರಿ."

ಕ್ವಾರ್ಟರ್ಸಿಗೆ ಬಂದು ನೋಟ್‌ಬುಕ್ಕಿನಲ್ಲಿ ಬರೆಯಲು ಕೂತೆ. ಕಾರಣ ಎಂದು ಬರೆದು ಮುಂದೆ ಬರೆಯಲಾಗಲಿಲ್ಲ. ಮಿಸ್ತ್ರಿ ಹೇಳಿದಂತೆ ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವನ ಶೆಡ್ಡಿನ ಮುಂದೆ ಲಾರಿ ನಿಲ್ಲುವ ಜಾಗ ಖಾಲಿ ಇದ್ದದ್ದು ಮಾತ್ರ ಕಣ್ಣ ಮುಂದೆ ಬರುತ್ತಿತ್ತು.

ಮುಂದಿನ ಭಾನುವಾರ ಸುಲೇಪೇಟಕ್ಕೆ ಹೋದೆ. ಭಾವ ಒಬ್ಬನೇ ಕಟ್ಟೆಯ ಮೇಲೆ ತೊಗರಿ ಆರಿಸುತ್ತ ಕೂತಿದ್ದ. ಕಾಗದ ಬಿಚ್ಚಿ ಅವನ ಮುಂದಿಟ್ಟೆ. ಎಲ್ಲ ಹೇಳಿದೆ. ಬಟ್ಟೆ, ಉಂಡೆ, ಬಾಟ್ಲಿ. ಮೂವತ್ತರಲ್ಲಿ ಹೋಗಿದ್ದರೆ ನಿಲ್ಲುತ್ತಿರಲಿಲ್ಲ ಎಂಬುದನ್ನೂ ಹೇಳಿದೆ. ಡಾಕ್ಟರು ಹೇಳಿದ್ದನ್ನು ಹೇಳಲು ಹೋದೆ, ಅವನು ಕೈಯೆತ್ತಿ ಬೇಡವೆಂದ. ನೂಲನ್ನು ಬೆರಳಿನಿಂದ ಬಿಡಿಸಿ ನೋಡಿದ. ಗುರುತು ಹಿಡಿದ.

ಎದ್ದು ಒಳಗೆ ಹೋಗಿ ಲೋಟದಲ್ಲಿ ನೀರು ತಂದ.

"ನೀರ್ ಕುಡಿ."

ಬಾಗಿಲಿನಿಂದ ಕೊಡ ಕಾಣುತ್ತಿತ್ತು. ಬಾಯಿಗೆ ಅದೇ ಸೀರೆಯ ಉಳಿದರ್ಧ ಕಟ್ಟಿತ್ತು, ಗಂಟಿನ ಮೂಲೆ ಮೇಲೆ.

"ನೀವೂ ಸೋಸ್ತೀರೇನ್ ಭಾವ?"

"ಅಕಿ ಇದ್ದಾಗ ನಗ್ತಿದ್ದೆ. ಈಗ ದಿನಾ ನಾನೇ ಕಟ್ತೀನಿ. ಇಲ್ಲಂದ್ರ ಅಂಜಿಕಿ ಬರ್ತದ," ಎಂದ.

ಲೋಟದಲ್ಲಿ ಒಂದು ಎಳೆ ತೇಲುತ್ತಿತ್ತು. ಬೆರಳಿನಿಂದ ತೆಗೆದು ಕುಡಿದೆ.

"ಮಿಸ್ತ್ರಿ ಅಂಗಡಿ ಇವತ್ತ ತೆರದಿರ್ತದೇನು?" ಎಂದು ಕೇಳಿದ ಭಾವ.

"ಇರ್ತದ. ಅವರಿಗಿ ಐತವಾರ ಸೂಟಿ ಇಲ್ಲ. ಆದ್ರ ಅವರು ಯಾರಿಗೂ ಹೇಳಬ್ಯಾಡ ಅಂದಾರ."

"ಅವರು ದೊಡ್ಡ ಮನಿಷ್ಯಾರು, ಅಂತಾರ. ಖೂನಿ ಅಂದವ ನಾನು. ನಡಿ."

ಅಂಗಿ ಹಾಕಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂತ. ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಲು ಹೇಳಿದ. ಚಹದಂಗಡಿಯ ಮುಂದೆ ಏಳೆಂಟು ಜನ, ಇಬ್ಬರು ಲಾರಿ ಡ್ರೈವರು. ಭಾವ ಇಳಿದು ನಿಂತು ಗಟ್ಟಿಯಾಗಿ ಹೇಳಿದ:

"ಕೇಳ್ರಪ್ಪೋ. ಶಹಾಬಾದಿನ ಮಿಸ್ತ್ರಿದು ತಪ್ಪಿಲ್ಲ. ತಪ್ಪು ನಮ್ಮ ಮನೀದು. ಟಾಕಿಯಾಗ ನಮ್ಮ ಬಟ್ಟಿ ನೂಲು ಸಿಕ್ಕದ. ನಾ ಅಂದಿದ್ದು ಖರೇ ಅಲ್ಲ."

"ಯಾರ್ ಹೇಳಿದ್ರು?" ಎಂದ ಒಬ್ಬ ಡ್ರೈವರು.

ಭಾವ ನನ್ನ ಕಡೆ ತಿರುಗಿದ. ನಾನು ಇಳಿದೆ. "ನಾನೇ ಹೇಳಾಕತ್ತೀನಿ," ಎಂದೆ. "ಮದ್ಲು ತಪ್ಪು ಹೇಳಿದವನೂ ನಾನೇ."

ಡ್ರೈವರು ಬಸಿಯಲ್ಲಿದ್ದ ಚಹಾ ಮುಗಿಸಿದ. ನಾವು ಹೊರಟೆವು.

ಸೇಡಂ ದಾಟಿತು. ಭಾವನ ಕಣ್ಣು ಮೀಟರಿನ ಮೇಲಿತ್ತು. ಮಳಖೇಡದ ಏರು ಬಂತು, ಕೋಟೆಯ ಗೋಡೆ ಕಂಡಿತು.

"ಈಗ ಎಷ್ಟರ ಮ್ಯಾಗ ಅದ?"

"ನಲವತ್ತೆರಡು."

"ಇಲ್ಲೇ ಅಲ್ಲ ನಿಂತಿದ್ದು?"

"ಇಲ್ಲೇ."

"ಈಗ ನಿಲ್ಲಂಗಿಲ್ಲ?"

"ನಿಲ್ಲಂಗಿಲ್ಲ."

ಅವನು ಹಿಂದಿನ ಸೀಟಿನ ಕಡೆ ಒಮ್ಮೆ ತಿರುಗಿ ನೋಡಿ, ಮತ್ತೆ ರಸ್ತೆಯ ಕಡೆ ಮುಖ ಮಾಡಿದ.

"ಹೊಡಿ ಹಂಗಾದ್ರ," ಎಂದ.

ನಾನು ಹೊಡೆದೆ. ಮುಳ್ಳು ನಲವತ್ತೆರಡರಲ್ಲೇ ಇತ್ತು. ಚಿತ್ತಾಪುರ ಬಂತು. ಮುಂದೆ ವಾಡಿ, ಅದರಾಚೆ ಶಹಾಬಾದಿನ ಶೆಡ್ಡು.